ಆ ವರ್ಷದ ಕೊಳೆ ಯಾರ ತಪ್ಪು?

2019ರ ಆಗಸ್ಟ್. ಎಂಟೊಂಬತ್ತು ದಿನ ಬಿಡದೆ ಹೊಯ್ದ ಮಳೆ ಒಂದು ಬೆಳಿಗ್ಗೆ ಸ್ವಲ್ಪ ತೆಳುವಾಯಿತು. ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿದೆ. ಮೊದಲ ಸಾಲಿನ ಮರದ ಬುಡದಲ್ಲೇ ಹಸಿರು ಕಾಯಿ ಬಿದ್ದಿದ್ದವು. ಒಂದೆರಡಲ್ಲ, ಕಾಲಿಟ್ಟಲ್ಲೆಲ್ಲ. ಒಂದನ್ನು ಎತ್ತಿ ನೋಡಿದೆ. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪು ಹಸಿರು ಕಲೆ. ಅದರ ಮೇಲೆ ಹತ್ತಿ ಎಳೆಯಂಥ ಬಿಳಿ ಬೂಷ್ಟು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ, ಕೊಳೆ, ಬಂದಿತ್ತು.

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಒಂದೂಕಾಲು ಎಕರೆ ತೋಟ. ದೊಡ್ಡದೇನಲ್ಲ, ಆದರೆ ಮನೆ ನಡೆಯುವುದು ಅದರಿಂದಲೇ. ತೋಟದಿಂದ ಅಂಗಳಕ್ಕೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದೊಳಗೆ ತಪ್ಪು ಯಾರದ್ದು ಅಂತ ನಾನು ತೀರ್ಮಾನ ಮಾಡಿ ಮುಗಿಸಿದ್ದೆ. ಕೊನೆಗೌಡ ಸರಿಯಾಗಿ ಮದ್ದು ಹೊಡೆದಿಲ್ಲ. ಅಷ್ಟೇ.

ಬಯಲುಸೀಮೆಯವರಿಗೆ ಗೊತ್ತಿರಲಿಕ್ಕಿಲ್ಲ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರನ್ನು, ಮಳೆಗಾಲದಲ್ಲಿ ಅಡಿಕೆ ಗೊನೆಗೆ ಮದ್ದು ಹೊಡೆಯುವವರನ್ನು ನಮ್ಮ ಕಡೆ ಕೊನೆಗೌಡ ಅನ್ನುತ್ತೇವೆ. ಕಾಲಿಗೆ ಬಳ್ಳಿ ಹಾಕಿಕೊಂಡು ನಲವತ್ತು ಐವತ್ತು ಅಡಿ ಮರ ಹತ್ತಿ, ಅಲ್ಲಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಾರೆ. ಕೆಳಗೆ ನಿಂತವರ ಜೀವ ಬಾಯಿಗೆ ಬರುತ್ತದೆ. ನಮ್ಮ ತೋಟಕ್ಕೆ ಬರುವವರು ನನ್ನ ಅಪ್ಪನ ಕಾಲದಿಂದಲೂ ಬರುತ್ತಿರುವವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ಅವರು ನನ್ನನ್ನು ‘ಒಡೆಯಾ’ ಅನ್ನುತ್ತಿದ್ದರು, ನಾನು ಅವರನ್ನು ‘ಅವನು’ ಅನ್ನುತ್ತಿದ್ದೆ. ಈ ಮಾತು ಮುಂದೆ ಬರುತ್ತದೆ, ನೆನಪಿರಲಿ.

ಆ ವಾರ ಸೊಸೈಟಿಗೆ ಹೋದಾಗ ಜಗಲಿಯ ಮೇಲೆ ಎಂಟು ಹತ್ತು ಜನ ಕೂತಿದ್ದರು. ಎಲ್ಲರದೂ ಅದೇ ಮಾತು. ನಿಮ್ಮಲ್ಲಿ ಎಷ್ಟು ಹೋಯ್ತು, ನಮ್ಮಲ್ಲಿ ಇಷ್ಟು. ನಾನು ಹೇಳಿದೆ: “ಮದ್ದು ಗೊನೆಗೆ ತಾಗಿಸಲೇ ಇಲ್ಲ ಅವನು. ಬೇಗ ಮುಗಿಸಿ ಇನ್ನೊಂದು ತೋಟಕ್ಕೆ ಓಡುವ ಗಡಿಬಿಡಿ. ನಂಬಿ ಕೆಟ್ಟೆ.” ಇಬ್ಬರು ತಲೆಯಾಡಿಸಿದರು. ಒಬ್ಬರು, “ಈಗೀಗ ಅವನ ಕೆಲಸ ಹಾಗೇ ಆಗಿದೆ” ಅಂತ ಸೇರಿಸಿದರು. ನನಗೆ ಎದೆ ಹಗುರಾಯಿತು. ಆ ಹಗುರವನ್ನು ಈಗಲೂ ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ. ಬೆಳೆ ಹೋದ ನೋವು ಹಾಗೇ ಇತ್ತು. ಆದರೆ ಅದರ ಮೇಲೆ ಕೂತಿದ್ದ ಇನ್ನೊಂದು ಭಾರ, ನಾನು ಎಲ್ಲಾದರೂ ತಪ್ಪಿದೆನಾ ಅನ್ನುವ ಕೊರೆತ, ಎದ್ದು ಹೋಯಿತು. ತಪ್ಪು ಹೊರಿಸುವುದು ಯಾಕೆ ಇಷ್ಟು ಬೇಗ ಅಭ್ಯಾಸವಾಗುತ್ತದೆ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ. ಅದು ತಕ್ಷಣ ಕೆಲಸ ಮಾಡುವ ಮದ್ದು.

ಆ ವರ್ಷ ಮಾಮೂಲಿನ ಅರ್ಧದಷ್ಟೂ ಅಡಿಕೆ ಆಗಲಿಲ್ಲ, 4 ಕ್ವಿಂಟಾಲ್ ದಾಟಲಿಲ್ಲ. ಚಳಿಗಾಲವಿಡೀ ಮನೆಯಲ್ಲಿ ನನ್ನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಕೊನೆಗೌಡ ಆಯಿತು. ಆಮೇಲೆ ಮದ್ದಿಗೆ ಹಾಕುವ ತಾಮ್ರದ ಉಪ್ಪು, ಮೈಲುತುತ್ತದಲ್ಲಿ ಕಲಬೆರಕೆ ಇರಬೇಕು ಅಂದೆ. ಮೇಲಿನ ತೋಟದವರು ಬಸಿಗಾಲುವೆ ಬಿಡಿಸದೆ ನೀರೆಲ್ಲ ನಮ್ಮ ಕಡೆ ನುಗ್ಗಿತು ಅಂದೆ. ಒಂದು ದಿನ ಊಟಕ್ಕೆ ಕೂತಾಗ ಮಗಳ ಕೈ ತಾಗಿ ಮಜ್ಜಿಗೆ ಲೋಟ ಉರುಳಿತು. ಆಗ ಅವಳಿಗೆ ಒಂಬತ್ತು ವರ್ಷ. ಚೆಲ್ಲಿದ್ದನ್ನು ನೋಡುತ್ತಾ ಅವಳು ಕೇಳಿದಳು: “ಈ ಲೋಟ ಇಲ್ಲಿ ಇಟ್ಟಿದ್ದು ಯಾರು?” ದನಿ ನನ್ನದು. ಹುಬ್ಬು ಗಂಟು ಹಾಕಿದ್ದೂ ನನ್ನ ಹಾಗೇ. ಹೆಂಡತಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಒರೆಸುವ ಬಟ್ಟೆ ತರಲು ಎದ್ದಳು.

2020ರಲ್ಲಿ ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾಯಿತು. ಮಾರ್ಚ್ 25. ಎಲ್ಲೂ ಹೋಗುವ ಹಾಗಿಲ್ಲ. ಸುಮ್ನೆ ಕೂತು ಏನು ಮಾಡುವುದು ಅಂತ ಹಳೆ ಲೆಕ್ಕ ಎಲ್ಲ ತೆಗೆದೆ. ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ಇಡುವವಳು ಹೆಂಡತಿ. ಕೂಲಿ, ಗೊಬ್ಬರ, ಗ್ಯಾಸ್ ಸಿಲಿಂಡರ್, ಮಗಳ ಚಪ್ಪಲಿ, ಎಲ್ಲ ಒಂದೇ ಪುಸ್ತಕದಲ್ಲಿ. ಲೆಕ್ಕದ ಪಕ್ಕ ಒಂದೊಂದು ಸಾಲು ಆ ದಿನದ ಸುದ್ದಿಯನ್ನೂ ಬರೆದಿರುತ್ತಾಳೆ. ಅದರಲ್ಲಿ ಹಿಂದಿನ ವರ್ಷದ ಜುಲೈ 16, ಮಂಗಳವಾರ ಅಂತ ಒಂದು ಪುಟ. “ಇವತ್ತು ರಾತ್ರಿ ಚಂದ್ರಗ್ರಹಣ. ಕೊನೆಗೌಡ ಬಂದಿದ್ದ. ಹೊಳವಾಗಿದೆ, ಎರಡನೇ ಮದ್ದು ಹೊಡೆಯೋಣ ಅಂದ. ಇನ್ನೂ ನಲವತ್ತು ದಿನ ಆಗಲಿಲ್ಲ, ಮುಂದಿನ ವಾರ ನೋಡೋಣ ಅಂದ್ರು. ಮೈಲುತುತ್ತ ತಂದಿಲ್ಲ.”

ಮೂರು ಸಲ ಓದಿದೆ.

ಹೊಳವು ಅಂದರೆ ಮಳೆಯ ನಡುವೆ ಸಿಗುವ ಬಿಡುವು. ಕೊಳೆಗೆ ಮೊದಲ ಮದ್ದು ಮಳೆ ಹಿಡಿಯುವ ಮುಂಚೆ ಹೊಡೆಯಬೇಕು. ಎರಡನೆಯದು ಅದಾಗಿ 40-45 ದಿನಕ್ಕೆ. ಮಳೆಗಾಲ ಉದ್ದವಾದರೆ ಮೂರನೆಯದು. ಆದರೆ ನಲವತ್ತು ದಿನ ಅನ್ನುವುದು ಪುಸ್ತಕದ ಲೆಕ್ಕ. ಹೊಳವು ಸಿಕ್ಕಾಗ ಹೊಡೆದುಬಿಡಬೇಕು ಅನ್ನುವುದು ತೋಟದ ಲೆಕ್ಕ. 2019ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಒಂದು ವಾರ ತಡವಾಗಿ. ಜುಲೈ ನಡುವೆ ಬಿಡುವೂ ಸಿಕ್ಕಿತು. ಆ ಬಿಡುವನ್ನು ನೋಡಿ ನಮ್ಮ ಮನೆ ತನಕ ನಡೆದು ಬಂದವರು ಅವರು. ಮುಂದಿನ ವಾರ ನೋಡೋಣ ಅಂತ ಕಳಿಸಿದವನು ನಾನು. ಮುಂದಿನ ವಾರ ಮಳೆ ಮತ್ತೆ ಹಿಡಿಯಿತು. ಆಗಸ್ಟ್ ಮೊದಲ ವಾರ ಸುರಿದದ್ದಂತೂ ಇಡೀ ಉತ್ತರ ಕನ್ನಡಕ್ಕೆ ನೆನಪಿದೆ.

ನನ್ನನ್ನು ಹೆದರಿಸಿದ್ದು ತಡ ಮಾಡಿದ್ದಲ್ಲ. ಅವರು ಬಂದದ್ದೇ ನನಗೆ ನೆನಪಿರಲಿಲ್ಲ. ಸೊಸೈಟಿ ಜಗಲಿಯಲ್ಲಿ ನಾನು ಸುಳ್ಳು ಹೇಳಿರಲಿಲ್ಲ. ನಾನು ಹೇಳಿದ್ದೇ ನಿಜ ಅಂತ ನಂಬಿ ಹೇಳಿದ್ದೆ. ಮೊದಲ ಮದ್ದಿನ ದಿನ ನಾನು ಎಷ್ಟು ಕೊಡ ನೀರು ಹೊತ್ತೆ, ಪಂಪ್ ಒತ್ತಿ ಒತ್ತಿ ರಟ್ಟೆ ಹೇಗೆ ಬಿದ್ದುಹೋಯಿತು, ಎಲ್ಲ ನೆನಪಿತ್ತು. ಅವರು ಬಂದು ಹೇಳಿ ಹೋದದ್ದು ಮಾತ್ರ ಅಳಿಸಿ ಹೋಗಿತ್ತು.

ಇದು ನನ್ನೊಬ್ಬನ ಕಥೆಯಲ್ಲ ಅಂತ ಆಮೇಲೆ ಓದಿ ತಿಳಿದೆ. 1979ರಲ್ಲಿ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಅನ್ನುವ ಕೆನಡಾದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಗಂಡ ಹೆಂಡತಿಯರನ್ನು ಬೇರೆ ಬೇರೆ ಕೂರಿಸಿ ಮನೆಕೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಕೆಲಸಗಳಲ್ಲಿ ನೂರಕ್ಕಿಂತ ಜಾಸ್ತಿ ಬಂತು. ಅವರೆಲ್ಲ ಸುಳ್ಳುಗಾರರಲ್ಲ. ನಾನು ಮಾಡಿದ್ದು ನನಗೆ ಬೇಗ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದು ನೆನಪಾಗುವುದಿಲ್ಲ, ಅಷ್ಟೇ. ಇದನ್ನು ಹೆಂಡತಿಗೆ ಹೇಳಿದೆ. “ಅದಕ್ಕೇ ನಾನು ಬರೆದಿಡ್ತೀನಿ” ಅಂದಳು.

ಆ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅಥವಾ ಇರಲಿಲ್ಲ ಅನ್ನಬೇಕು. 2019ರ ಮೇ, ಜೂನ್ ಪುಟಗಳಲ್ಲಿ ಮೈಲುತುತ್ತ ತಂದ ಲೆಕ್ಕ ಇತ್ತು. ಸುಣ್ಣ ತಂದ ಲೆಕ್ಕ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ಹೆಂಡತಿ ಹೇಳಿದಳು: “ಹೋದ ವರ್ಷದ್ದೇ ಇದೆ, ಸಾಕು ಅಂದಿದ್ರಿ.”

ಮದ್ದು ಮದ್ದು ಅಂತ ನಾವು ಹೇಳುವುದು ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟದವರು, ದಾರಿಯಲ್ಲಿ ಹೋಗುವವರು ಹಣ್ಣು ಕಿತ್ತು ತಿನ್ನದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಇದನ್ನು ಎರಚುತ್ತಿದ್ದರಂತೆ. ಎರಚಿದ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ ಅನ್ನುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ 1880ರ ದಶಕದಲ್ಲಿ ಗಮನಿಸಿದರು. ನಮ್ಮ ಕಡೆಗೆ ಇದನ್ನು ಕೊಳೆಯ ಮದ್ದಾಗಿ ತಂದ ಕೀರ್ತಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರದು. ಕೊಳೆರೋಗದ ಬಗ್ಗೆ ಅವರ ವರದಿ ಬಂದದ್ದು 1910ರಲ್ಲಿ. ನೂರು ವರ್ಷ ದಾಟಿದರೂ ಮಲೆನಾಡು ಇನ್ನೂ ಅದೇ ನೀಲಿ ನೀರನ್ನೇ ನಂಬಿಕೊಂಡಿದೆ. ಅಂಥ ಮದ್ದು ಅದು, ಸರಿಯಾಗಿ ಮಾಡಿದರೆ.

ಸರಿಯಾಗಿ ಮಾಡುವುದು ಅಂದರೆ ಹೀಗೆ. ಮೈಲುತುತ್ತವನ್ನು 50 ಲೀಟರ್ ನೀರಲ್ಲಿ ಬೇರೆ ಕರಗಿಸಬೇಕು. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಕದಡಿ ಸೋಸಬೇಕು. ಕಬ್ಬಿಣದ ಪಾತ್ರೆ ಕೂಡದು. ಆಮೇಲೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ತಿರುವುತ್ತಿರಬೇಕು. ಆಕಾಶದ ಬಣ್ಣ ಬರುತ್ತದೆ. ಆಗ ಅಪ್ಪ ಒಂದು ಕೆಲಸ ಮಾಡುತ್ತಿದ್ದರು. ಮಸೆದು ಹೊಳೆಯುವ ಕತ್ತಿಯನ್ನು ಆ ನೀರಿಗೆ ಅದ್ದಿ, ಒಂದು ನಿಮಿಷ ಬಿಟ್ಟು ತೆಗೆದು, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕತ್ತಿಗೆ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ತಾಮ್ರ ಇನ್ನೂ ಬಿಡಿಯಾಗಿಯೇ ಇದೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದುವುದು. ಕತ್ತಿ ಬೆಳ್ಳಗೇ ಬರುವ ತನಕ ಡ್ರಮ್ಮನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಕತ್ತಿ ಅದ್ದುವುದು ನಿಂತಿತ್ತು. ಯಾವಾಗ ನಿಂತಿತು ಅಂತಲೂ ನನಗೆ ಗೊತ್ತಿಲ್ಲ. ಅಳತೆ ಗೊತ್ತಿದೆಯಲ್ಲ, ಕಿಲೋಗೆ ಕಿಲೋ, ಮತ್ತೇನು ನೋಡುವುದು ಅಂದುಕೊಂಡಿರಬೇಕು.

ಕೊಟ್ಟಿಗೆಯ ಅಟ್ಟದಲ್ಲಿ ಆ ಸುಣ್ಣದ ಚೀಲ ಇನ್ನೂ ಇತ್ತು. ಬಾಯಿ ಕಟ್ಟಿರಲಿಲ್ಲ. ಎರಡು ಮಳೆಗಾಲದ ಗಾಳಿ ಕುಡಿದು ಹಿಟ್ಟಿನ ಹಾಗೆ ಉದುರುತ್ತಿತ್ತು. ಗಾಳಿಗೆ ಬಿಟ್ಟ ಸುಣ್ಣ ಸತ್ತ ಸುಣ್ಣ. ತೂಕ ಇರುತ್ತದೆ, ಖಾರ ಇರುವುದಿಲ್ಲ. ಅದರಲ್ಲಿ ಹತ್ತು ಗ್ರಾಂ, ಮೈಲುತುತ್ತ ಹತ್ತು ಗ್ರಾಂ, ಒಂದು ಲೀಟರ್ ನೀರು. ಮಗಳ ಹಳೆಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿದೆ. ಅಪ್ಪನ ಕತ್ತಿಯನ್ನೇ ಹುಡುಕಿ, ಮಸೆದು, ಅದ್ದಿದೆ. ಮಗಳು ಪಕ್ಕದಲ್ಲಿ ಕೂತು ಅರವತ್ತು ಎಣಿಸಿದಳು. ಎತ್ತಿದಾಗ ಕತ್ತಿಯ ಅಂಚಿನಿಂದ ನಡುವಿನ ತನಕ ಹೊಸ ತಾಮ್ರದ ಕೊಡದ ಹಾಗೆ ಕೆಂಪು. ಉಜ್ಜಿದರೂ ಬೇಗ ಹೋಗಲಿಲ್ಲ.

ಮರದ ತುದಿಯಲ್ಲಿ ಜೋತುಬಿದ್ದು ಅವರು ಒಂದೊಂದು ಗೊನೆಗೂ ಮದ್ದು ಹೊಡೆದೇ ಇದ್ದರು. ಕೆಳಗಿನಿಂದ ನಾನು ಕಳಿಸಿದ ಮದ್ದೇ ಸರಿ ಇರಲಿಲ್ಲ. ಎರಡನೇ ಸಲ ಹೊಡೆಯಲು ಅವರು ಬಂದರೆ ವಾಪಸ್ ಕಳಿಸಿದವನೂ ನಾನೇ.

ಬಕೆಟ್ ಹಿಡಿದುಕೊಂಡು ಕೊಟ್ಟಿಗೆ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ. ನಾನು ಹೊರಿಸಿದ ತಪ್ಪು ಅವರಿಗೆ ಎಷ್ಟು ನೋವು ಕೊಟ್ಟಿರಬಹುದು ಅನ್ನುವುದು ಒಂದು. ಇನ್ನೊಂದು ಯೋಚನೆ ಅದಕ್ಕಿಂತ ತಣ್ಣಗೆ ಬಂತು. ಈ ಪುಸ್ತಕ ತೆಗೆಯದೇ ಇದ್ದಿದ್ದರೆ ಏನಾಗುತ್ತಿತ್ತು? ಬೇರೆ ಕೊನೆಗೌಡನನ್ನು ಹುಡುಕುತ್ತಿದ್ದೆ. ಅದೇ ಚೀಲದ ಸುಣ್ಣ ಹಾಕುತ್ತಿದ್ದೆ. ಮತ್ತೆ ಕೊಳೆ ಬರುತ್ತಿತ್ತು. ಅವನನ್ನೂ ಬೈಯುತ್ತಿದ್ದೆ. ‘ಅವನದ್ದೇ ತಪ್ಪು’ ಅಂದ ಗಳಿಗೆಯಲ್ಲಿ ನಾನು ಹುಡುಕುವುದನ್ನು ನಿಲ್ಲಿಸಿದ್ದೆ. ಎಂಟು ತಿಂಗಳು ಆ ಚೀಲ ನನ್ನ ತಲೆಯ ಮೇಲಿನ ಅಟ್ಟದಲ್ಲೇ ಇತ್ತು.

ಆಮೇಲೆ ನನ್ನ ಮಾತನ್ನೇ ಕಿವಿಗೊಟ್ಟು ಕೇಳಲು ಶುರು ಮಾಡಿದೆ. ನಮ್ಮ ಕನ್ನಡದಲ್ಲಿ ಇದಕ್ಕೆ ಬೇಕಾದಷ್ಟು ಅನುಕೂಲ ಇದೆ. ಲೋಟ ‘ಬಿತ್ತು’. ತಡ ‘ಆಯ್ತು’. ಮರೆತು ‘ಹೋಯ್ತು’. ಹಾಲು ‘ಉಕ್ಕಿತು’. ಫೋನ್ ಮಾಡಲು ‘ಆಗಲಿಲ್ಲ’. ಬಿಲ್ ಕಟ್ಟುವುದು ‘ಉಳಿದುಹೋಯ್ತು’. ಯಾರೂ ಮಾಡಲಿಲ್ಲ, ಎಲ್ಲ ತನ್ನಷ್ಟಕ್ಕೆ ನಡೆಯಿತು. ಇದೇ ಕೆಲಸ ಬೇರೆಯವರು ಮಾಡಿದರೆ ಮಾತ್ರ ಕರ್ತೃ ಎದ್ದು ಬಂದು ನಿಲ್ಲುತ್ತಾನೆ. ಅವನು ಬೀಳಿಸಿದ. ಅವಳು ಮರೆತಳು. ಅವರು ತಡ ಮಾಡಿದರು. ಒಂದು ವಾರ ಎಣಿಸಿದೆ. ನನ್ನ ಪಾಲಿಗೆಲ್ಲ ‘ಆಯ್ತು’, ಉಳಿದವರ ಪಾಲಿಗೆಲ್ಲ ‘ಮಾಡಿದ’.

ಹಾಗಾಗಿ ನಾನು ಮೊದಲು ಬದಲಾಯಿಸಿದ್ದು ಕ್ರಿಯಾಪದ. ತಡ ಆಯ್ತು ಅನ್ನಲು ಬಾಯಿ ತೆರೆದಾಗ ತಡ ಮಾಡಿದೆ ಅಂತ ಹೇಳುವುದು. ಮರೆತು ಹೋಯ್ತು ಅನ್ನುವ ಬದಲು ಮರೆತೆ. ಕೇಳಲು ಸಣ್ಣ ಸಂಗತಿ, ಅಲ್ವಾ? ಪ್ರಯತ್ನಿಸಿ ನೋಡಿ. ‘ಮರೆತೆ’ ಅನ್ನುವಾಗ ಗಂಟಲಲ್ಲಿ ಏನೋ ಅಡ್ಡ ಬರುತ್ತದೆ. ಹೇಳಿದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಯಾಕೆ ಮರೆತೆ, ಇನ್ನೊಮ್ಮೆ ಮರೆಯದ ಹಾಗೆ ಏನು ಮಾಡಲಿ? ‘ಮರೆತು ಹೋಯ್ತು’ ಅಂದರೆ ಆ ಪ್ರಶ್ನೆ ಬರುವುದೇ ಇಲ್ಲ. ಹೋದದ್ದು ಹೋಯ್ತು.

ಮೇ ತಿಂಗಳಲ್ಲಿ ಒಂದು ಸಂಜೆ ಅವರ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಮದ್ದಿಗೆ, ಕೊಯ್ಲಿಗೆ ಕರೆಯಲು ಹೋದದ್ದು ಬಿಟ್ಟರೆ ಸುಮ್ನೆ ಅಂತ ಆ ಅಂಗಳಕ್ಕೆ ಕಾಲಿಟ್ಟವನಲ್ಲ. ಅವರು ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಕೂರಲು ಮಣೆ ಕೊಟ್ಟರು. ನಾನು ಎಲ್ಲ ಹೇಳಿದೆ. ಜುಲೈ 16ರ ಸಾಲು, ಸುಣ್ಣದ ಚೀಲ, ಕತ್ತಿ. “ತಪ್ಪು ನಂದು. ನಿಮ್ಮ ಮೇಲೆ ಹಾಕಿದೆ” ಅಂದೆ. ‘ನಿಮ್ಮ’ ಅಂದದ್ದು ಅದೇ ಮೊದಲು.

ಅವರು ಕೈ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಹಗ್ಗದ ಶಬ್ದ ಮಾತ್ರ. ಆಮೇಲೆ ಅಂದರು: “ನಾ ಅವತ್ತೇ ಹೇಳಿದ್ದೆ ಅಲ್ದಾ ಒಡೆಯಾ, ಹೊಳವು ಬಿದ್ದದೆ, ಹೊಡ್ದು ಬಿಡ್ವ ಅಂತ.” ಹೌದು ಅಂದೆ. “ನನ್ನ ಹತ್ರ ಹೇಳಿ ಎಂತ ಮಾಡುದು ಈಗ? ನೀವು ಬೈದದ್ದು ನನ್ನ ಎದುರಲ್ಲ. ಸೊಸೈಟಿ ಜಗಲಿಲಿ. ನಂಗೆ ಮೂರು ತೋಟ ಹೋತು. ಅಲ್ಲಿ ಆಡಿದ್ದನ್ನ ಅಲ್ಲೇ ಹೇಳ್ಬೇಕು.”

ಕ್ಷಮಿಸಿದೆ ಅಂತ ಹೇಳಲಿಲ್ಲ, ಬೈಯಲೂ ಇಲ್ಲ. ಅವರ ಹೆಂಡತಿ ಚಾ ತಂದು ಇಟ್ಟರು.

ಮೂರು ತೋಟ ಅಂದರೆ ಅವರಿಗೆ ಎಷ್ಟು ದಿನದ ಕೂಲಿ ಅಂತ ದಾರಿಯಲ್ಲಿ ಬರುವಾಗ ಲೆಕ್ಕ ಹಾಕಿದೆ. ನನಗೆ ಹೋದ ಅಡಿಕೆಯ ಲೆಕ್ಕವನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅವರಿಗೆ ಹೋದದ್ದರ ಲೆಕ್ಕ ಯಾವ ಜಗಲಿಯಲ್ಲೂ ಆಗಿರಲಿಲ್ಲ. ಇದನ್ನು ನಾನು ಈಗ ಸ್ಪಷ್ಟವಾಗಿ ಕಾಣುತ್ತೇನೆ. ತಪ್ಪು ಹೊರಿಸುವುದೂ ನೀರಿನ ಹಾಗೆ, ಇಳಿಜಾರು ನೋಡಿಯೇ ಹರಿಯುತ್ತದೆ. ಮೇಲಿನ ತೋಟದವರ ಮೇಲೆ ನನಗೆ ಸಿಟ್ಟಿತ್ತು, ಆದರೆ ಅದನ್ನು ಮನೆಯೊಳಗೆ ಮಾತ್ರ ಆಡಿದೆ. ಅವರು ಸಮಾನರು, ತಿರುಗಿ ಕೇಳುತ್ತಾರೆ. ನನ್ನನ್ನು ಒಡೆಯಾ ಅನ್ನುವವರು ತಿರುಗಿ ಕೇಳುವುದಿಲ್ಲ. ಅದಕ್ಕೇ ಅವರ ಹೆಸರು ಜಗಲಿಗೆ ಬಂತು. ಆಫೀಸಿನಲ್ಲಿ ಮೇಲಿನವರು ಕೆಳಗಿನವರ ಮೇಲೆ, ಮನೆಯಲ್ಲಿ ದೊಡ್ಡವರು ಮಕ್ಕಳ ಮೇಲೆ, ಅತ್ತೆ ಸೊಸೆಯ ಮೇಲೆ. ನಿಮ್ಮ ಸುತ್ತ ಒಮ್ಮೆ ನೋಡಿ. ಬೈಗುಳ ಎಷ್ಟು ಸಲ ಏರುದಾರಿ ಹತ್ತಿದೆ?

ಹತ್ತಿದ ಒಂದು ಸಲ ನನಗೆ ಗೊತ್ತು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ಎಸ್‌ಎಲ್‌ವಿ-3 ರಾಕೆಟ್ ಕೆಲವೇ ನಿಮಿಷದಲ್ಲಿ ಸಮುದ್ರಕ್ಕೆ ಬಿತ್ತು. ಯೋಜನೆಯ ಹೊಣೆ ಅಬ್ದುಲ್ ಕಲಾಂ ಅವರದು. ಇಸ್ರೋ ಅಧ್ಯಕ್ಷರು ಸತೀಶ್ ಧವನ್. ಆಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಹೌದು. ಪತ್ರಕರ್ತರ ಮುಂದೆ ಕೂತವರು ಧವನ್. ಸೋಲಿನ ಹೊಣೆಯನ್ನು ತಾವೇ ಹೊತ್ತರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಮುಂದೆ ಕಲಾಂ ಅವರನ್ನು ಕೂರಿಸಿದರು. ಕಲಾಂ ಇದನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ, ನೀವೂ ಕೇಳಿರುತ್ತೀರಿ. ಸಾಮಾನ್ಯವಾಗಿ ಇದನ್ನು ದೊಡ್ಡ ಗುಣದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಅಷ್ಟೇ ದೊಡ್ಡ ಕೆಲಸದ ಕಥೆ ಅನ್ನಿಸುತ್ತದೆ. ನಡುವಿನ ಹನ್ನೊಂದು ತಿಂಗಳು ಆ ತಂಡ ಹೆದರದೆ ತಪ್ಪು ಹುಡುಕಿತು. ತಲೆ ಉರುಳುತ್ತದೆ ಅಂತ ಹೆದರಿದವರು ಸುಣ್ಣದ ಚೀಲ ಬಚ್ಚಿಡುತ್ತಾರೆ.

ಸುಣ್ಣ ತರಲು ಸೊಸೈಟಿಗೆ ಹೋದದ್ದು ಮೇ ಕೊನೆಯ ವಾರ. ಎಲ್ಲರ ಮುಖಕ್ಕೂ ಮಾಸ್ಕ್, ನಡುವೆ ಮಾರು ಅಂತರ. ಹೋದ ವರ್ಷ ಕೂತವರಲ್ಲಿ ಐದಾರು ಜನ ಇದ್ದರು. ಬೇರೆ ಮಾತು ಆಡುತ್ತಾ ಅರ್ಧ ಗಂಟೆ ಕಳೆದೆ. ಎದ್ದು ಹೊರಟೇಬಿಟ್ಟೆ ಕೂಡ. ಗೇಟಿನ ತನಕ ಹೋಗಿ ವಾಪಸ್ ಬಂದೆ. ಮಾಸ್ಕ್ ಇಳಿಸಿ ಹೇಳಿದೆ. ಹೋದ ವರ್ಷ ಇಲ್ಲೇ ಕೂತು ಕೊನೆಗೌಡರ ಮೇಲೆ ಹೇಳಿದ್ದೆನಲ್ಲ, ಅದು ತಪ್ಪು. ಮದ್ದು ನಾನು ಕೆಡಿಸಿದ್ದು. ಅವರು ಬಂದು ಕರೆದಾಗ ತಡ ಮಾಡಿದ್ದೂ ನಾನೇ.

ಒಬ್ಬರು, “ಹೋಗಲಿ ಬಿಡಿ, ಎಲ್ಲರಿಗೂ ಆಗ್ತದೆ” ಅಂದರು. ಒಬ್ಬರು ಮೊಬೈಲ್ ನೋಡತೊಡಗಿದರು. ಅವತ್ತು ನನ್ನ ಮಾತಿಗೆ ಸೇರಿಸಿದ್ದವರು ಮಾತ್ರ ಸುಮ್ಮನಿದ್ದು, ನಾನು ಚೀಲ ಹೊರುವಾಗ ಹತ್ತಿರ ಬಂದು ಕೇಳಿದರು: “ಆ ಕತ್ತಿ ಅದ್ದುವುದು ಎಷ್ಟು ಹೊತ್ತು?” ಒಂದು ನಿಮಿಷ ಅಂದೆ. ಹಗುರ ಆಯಿತಾ ಅಂತ ಕೇಳಬೇಡಿ. ಆಗಲಿಲ್ಲ. ಹೊಟ್ಟೆಯಲ್ಲಿ ಎರಡು ದಿನ ಸಂಕಟ ಇತ್ತು. ಬೈದಾಗ ಸಿಕ್ಕ ಹಗುರ ಒಪ್ಪಿಕೊಂಡಾಗ ಸಿಗಲಿಲ್ಲ. ಇದನ್ನು ಮುಚ್ಚಿಟ್ಟು ಚೆಂದ ಮಾಡಿ ಹೇಳಲು ನನಗೆ ಇಷ್ಟವಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಲ್ಲ ತಪ್ಪನ್ನೂ ತಲೆ ಮೇಲೆ ಸುರಿದುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಆಗಸ್ಟಿನ ಮಳೆ ನನ್ನ ತಪ್ಪಲ್ಲ. ಅಡಿಕೆ ದರ ಬಿದ್ದರೆ ಅದು ನನ್ನ ಕೈಯಲ್ಲಿಲ್ಲ. ವಿಮೆ ಹಣ ಬಾರದಿದ್ದರೆ ಕೇಳಬೇಕು, ಗಟ್ಟಿಯಾಗಿ ಕೇಳಬೇಕು. ಮೇಲಿನ ತೋಟದ ಬಸಿಗಾಲುವೆಯ ಮಾತೂ ನಿಜವೇ ಇತ್ತು. ಆದರೆ ಚಳಿಗಾಲವಿಡೀ ಮನೆಯಲ್ಲಿ ಗೊಣಗಿದೆನೇ ಹೊರತು ಒಮ್ಮೆಯೂ ಅವರ ಹತ್ತಿರ ಹೋಗಿ ಇಬ್ಬರೂ ಸೇರಿ ಬಿಡಿಸೋಣವಾ ಅಂತ ಕೇಳಿರಲಿಲ್ಲ. ಕೇಳಿದಾಗ ಒಂದೇ ಮಾತಿಗೆ ಒಪ್ಪಿದರು. ಎರಡು ದಿನದ ಕೆಲಸ.

ನನಗೆ ಸಿಟ್ಟು ಬರುವುದು ಬೇರೆ ಒಂದು ಮಾತಿಗೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಲು ಹೋಗಿ, “ಜಾಗ್ರತೆ ಬೇಡವಾ? ನಮ್ಮ ಜೀವಕ್ಕೆ ನಾವೇ ಹೊಣೆ” ಅನ್ನುವವರಿದ್ದಾರೆ. ಅದು ಹೊಣೆಯ ಮಾತಲ್ಲ. ಅದೇ ಹಳೆಯ ಇಳಿಜಾರಿನ ನೀರು, ಒಳ್ಳೆ ಮಾತಿನ ಬಟ್ಟೆ ಹಾಕಿಕೊಂಡು ಬಂದದ್ದು. ಹೊಣೆಯನ್ನು ಇನ್ನೊಬ್ಬರಿಗೆ ಕಲಿಸಲು ಬಾರದು. ನಾನು ಹೊರಬಹುದು, ಅಷ್ಟೇ. ಮದ್ದು ಹೊಡೆಯುವವರ ಬ್ಯಾಂಕ್ ಖಾತೆಯಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯಾ ಅಂತ ಕೇಳುವುದು ನನ್ನ ಕೈಯಲ್ಲಿದೆ. ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷ ರೂಪಾಯಿ ತನಕ. ಕೇಳಿದೆ. ಇರಲಿಲ್ಲ. ನಾವಿಬ್ಬರೂ ಒಟ್ಟಿಗೆ ಹೋಗಿ ಮಾಡಿಸಿ ಬಂದೆವು. 2 ಲಕ್ಷ ಯಾವ ಮೂಲೆಗೂ ಸಾಲದು ಅಂತ ನನಗೂ ಗೊತ್ತು. ಮೋಡ ಕವಿದ ದಿನ ಮರ ಜಾರುತ್ತಿದ್ದರೆ ಹತ್ತಬೇಡಿ ಅಂತ ಹೇಳುವುದೂ, ಹೇಳಿ ಆ ದಿನದ ಕೂಲಿ ಕೊಡುವುದೂ ನನ್ನ ಕೈಯಲ್ಲೇ ಇದೆ.

ಅವರು ಕಳೆದುಕೊಂಡ ಮೂರು ತೋಟದಲ್ಲಿ ಎರಡು ವಾಪಸ್ ಬಂದವು. ಒಂದು ಬರಲಿಲ್ಲ. ಆ ಮನೆಯವರಿಗೆ ಖುದ್ದಾಗಿ ಹೋಗಿ ಹೇಳಿದೆ, ಆದರೂ ಬರಲಿಲ್ಲ. ಅಷ್ಟರಲ್ಲಿ ಬೇರೆಯವರನ್ನು ಗೊತ್ತು ಮಾಡಿಕೊಂಡಿದ್ದರು. ಆಡಿದ ಮಾತು ಎಲ್ಲಿಯ ತನಕ ಹೋಗಿರುತ್ತದೋ ಅಲ್ಲಿಯ ತನಕ ನಾವು ಹೋಗಿ ಹಿಡಿದು ತರಲು ಆಗುವುದಿಲ್ಲ.

ಕೊಳೆ ಆಮೇಲೂ ಬಂದಿದೆ. ಒಂದು ವರ್ಷ ಮೂರು ಸಲ ಹೊಡೆದರೂ ಸ್ವಲ್ಪ ಬಂತು. ಆಗ ಪುಸ್ತಕ ತೆಗೆದು ತಾರೀಕು ನೋಡಿದೆವು. ಸುಣ್ಣ ಹೊಸದಿತ್ತು, ಕತ್ತಿ ಬೆಳ್ಳಗಿತ್ತು, ಹೊಳವು ಸಿಕ್ಕಿರಲಿಲ್ಲ. ಬೈಯಲು ಯಾರೂ ಇರಲಿಲ್ಲ. ಬಿದ್ದ ಕಾಯಿ ಆರಿಸಿದೆವು.

ಈಗ ಅವರು ಎತ್ತರದ ಮರ ಹತ್ತುವುದು ಕಡಿಮೆ ಮಾಡಿದ್ದಾರೆ. ಮಗ ಫೈಬರ್ ದೋಟಿ ತಂದಿದ್ದಾನೆ, ಕೆಳಗೆ ನಿಂತೇ ಹೊಡೆಯುತ್ತಾನೆ. ಮದ್ದು ಕೂಡಿಸುವ ದಿನ ಮಾತ್ರ ಅವರೇ ಬರುತ್ತಾರೆ. ಈ ವರ್ಷ ಮೇ ತಿಂಗಳಲ್ಲೂ ಬಂದಿದ್ದರು. ಡ್ರಮ್ಮಿನ ಒಂದು ಪಕ್ಕ ಅವರು, ಇನ್ನೊಂದು ಪಕ್ಕ ನಾನು. ನಾನು ಹೊಯ್ದೆ, ಅವರು ತಿರುವಿದರು. ಕತ್ತಿ ಅದ್ದಿ ತೆಗೆದು ನೋಡಿದೆ. ಸರಿ ಇದೆ ಅನ್ನಿಸಿತು. ಅವರು ಕೈ ಚಾಚಿ ಕತ್ತಿ ಇಸಿದುಕೊಂಡರು, ಮಾಡಿನ ಕೆಳಗಿಂದ ಬಿಸಿಲಿಗೆ ಬಂದು ಓರೆ ಮಾಡಿ ಹಿಡಿದರು. “ಒಂಚೂರು ಕೆಂಪು ಅದೆ, ಇಲ್ಲಿ ನೋಡಿ” ಅಂದರು. ನೋಡಿದೆ. ತುದಿಯಲ್ಲಿ, ಎಳೆಯಷ್ಟು. ಹೌದು ಅಂತ ಹೇಳಿ ಸುಣ್ಣದ ನೀರಿನ ಚೆಂಬು ಎತ್ತಿಕೊಂಡೆ.